ಮಂಡ್ಯದಲ್ಲಿ ಕೂತು ಟ್ರಾಮ್ಸೊ ಆಕಾಶದ ಲೆಕ್ಕ ಹಾಕಿದ್ದು

ಬಾಹ್ಯಾಕಾಶದಿಂದ ಸುರಿಯುವ ಎಲೆಕ್ಟ್ರಾನ್‌ಗಳು ಗಾಳಿಯನ್ನು ಎಷ್ಟು ಅಯಾನೀಕರಿಸುತ್ತವೆ (ಅಂದರೆ ಅದರ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಅಯಾನು ಮಾಡುತ್ತವೆ) ಎಂದು ಲೆಕ್ಕ ಹಾಕಲು ದೊಡ್ಡ ಕಂಪ್ಯೂಟರೇ ಬೇಕು ಅನ್ನೋದು ನಮ್ಮ ಕಾಲೇಜಿನಲ್ಲಿ ಹಲವರ ನಂಬಿಕೆ. ಒಂದೊಂದು ಡಿಕ್ಕಿಯನ್ನೂ ಬೆನ್ನಟ್ಟುವ ಮಾಂಟೆ ಕಾರ್ಲೊ ವಿಧಾನಕ್ಕಾದರೆ ಸರಿ. ನಾನು ಹಿಡಿದದ್ದು ಅಡ್ಡದಾರಿ: ಫಾಂಗ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಸೂತ್ರ. 100 ಎಲೆಕ್ಟ್ರಾನ್‌ವೋಲ್ಟ್‌ನಿಂದ 10 ಲಕ್ಷದವರೆಗಿನ ಶಕ್ತಿಗೆ ಅದು ನಡೆಯುತ್ತದೆ; ಎಲೆಕ್ಟ್ರಾನ್‌ವೋಲ್ಟ್ ಅಂದರೆ ಕಣಗಳ ಶಕ್ತಿ ಅಳೆಯುವ ಮಾನ. ಪೈಥಾನ್‌ನಲ್ಲಿ ಬರೆದರೆ ಚಿಕ್ಕ ಪ್ರೋಗ್ರಾಂ, ಮನೆಯ ಹಳೇ ಲ್ಯಾಪ್‌ಟಾಪೇ ಸಾಕು.

ಸೂತ್ರಕ್ಕೆ ಪ್ರತಿ ಎತ್ತರದಲ್ಲೂ ಗಾಳಿಯ ಸಾಂದ್ರತೆ ಬೇಕು, ಸ್ಕೇಲ್ ಹೈಟ್ (ಎಷ್ಟು ಮೇಲೇರಿದರೆ ಗಾಳಿ ಸುಮಾರು ಮೂರನೇ ಒಂದು ಭಾಗಕ್ಕೆ ತೆಳುವಾಗುತ್ತದೆ ಎಂಬ ಅಳತೆ) ಬೇಕು. ಇಂಥ ಎಲೆಕ್ಟ್ರಾನ್‌ಗಳು ಸುರಿಯುವ, ಉತ್ತರ ಧ್ರುವದ ಕಡೆಯ ನಾರ್ವೆಯ ಟ್ರಾಮ್ಸೊ ಊರಿಗೆ ಸಾಂದ್ರತೆ, ಉಷ್ಣತೆಗಳನ್ನು ಎಂಸಿಸ್ ಎಂಬ ವಾತಾವರಣ ಮಾದರಿಯಿಂದ ತೆಗೆದುಕೊಂಡೆ. ಸಾಂದ್ರತೆಯನ್ನು ಸ್ಕೇಲ್ ಹೈಟ್‌ನಿಂದ ಗುಣಿಸಿದರೆ ಆ ಎತ್ತರಕ್ಕಿಂತ ಮೇಲಿರುವ ಗಾಳಿಯ ರಾಶಿ ಸಿಗುತ್ತದೆ. ಇಡೀ ಲೆಕ್ಕದ ಜೀವ ಇರುವುದು ಇಲ್ಲೇ. ಎಲೆಕ್ಟ್ರಾನ್‌ಗೆ ಕಿಲೋಮೀಟರ್ ಗೊತ್ತಿಲ್ಲ, ತೂರಿಕೊಂಡು ಬಂದ ಗಾಳಿ ಎಷ್ಟು ಅನ್ನೋದಷ್ಟೇ ಗೊತ್ತು. ಸೂತ್ರ ಕೇಳುವುದು ಗ್ರಾಂ-ಸೆಂಟಿಮೀಟರ್, ಎಂಸಿಸ್‌ನ ಹೊಸ ಆವೃತ್ತಿ ಕೊಡುವುದು ಕಿಲೋಗ್ರಾಂ-ಮೀಟರ್. ಮೊದಲ ಸಾಲಿನಲ್ಲೇ ಬದಲಿಸಿಕೊಳ್ಳಿ.

1,000 ಎಲೆಕ್ಟ್ರಾನ್‌ವೋಲ್ಟ್‌ನವು ಸುಮಾರು 150 ಕಿ.ಮೀ. ಎತ್ತರದಲ್ಲಿ ಅತಿ ಹೆಚ್ಚು ಅಯಾನು ಹುಟ್ಟಿಸಿದವು. 10,000ದವು 105–110ಕ್ಕೆ ಇಳಿದವು, ಲಕ್ಷದವು 80ರ ಆಸುಪಾಸಿಗೆ.

ಯಾವ ಎತ್ತರದಲ್ಲಿ ಎಷ್ಟು ಅಯಾನು ಎಂಬ ಗ್ರಾಫ್ ಚೆನ್ನಾಗಿ ಬಂತು ಅಂದಮಾತ್ರಕ್ಕೆ ನಂಬುವವನಲ್ಲ ನಾನು. ಒಂದು ಅಯಾನು ಜೋಡಿ ಹುಟ್ಟಲು ಸರಾಸರಿ 35 ಎಲೆಕ್ಟ್ರಾನ್‌ವೋಲ್ಟ್ ಖರ್ಚು. ಹಾಗಾಗಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಒಂದು ಎರ್ಗ್ ಶಕ್ತಿ ಬಿದ್ದರೆ ಹುಟ್ಟಬೇಕಾದ ಜೋಡಿಗಳು ಸುಮಾರು 1,780 ಕೋಟಿ. ಗ್ರಾಫಿನ ಕೆಳಗಿನ ವಿಸ್ತೀರ್ಣವನ್ನು ಕೂಡಿಸಿ ನೋಡಬೇಕು. ಅದು ಇದರ ಹತ್ತಿರಕ್ಕೂ ಬರದಿದ್ದರೆ ಪ್ರೋಗ್ರಾಂ ಮುಚ್ಚಿಟ್ಟು ಮತ್ತೆ ಮೊದಲಿಂದ ಓದಬೇಕು.

"ಸಾರ್, ನಮ್ಮೂರ್ ಮ್ಯಾಲೆ ಇವು ಬೀಳಾಕಿಲ್ವಲ್ಲ, ಯಾಕ್ ಸಾರ್ ಇದೆಲ್ಲ?" ಅಂದ ಒಬ್ಬ ವಿದ್ಯಾರ್ಥಿ. ನಿಜ, ಇಲ್ಲಿ ಭೂಮಿಯ ಕಾಂತರೇಖೆಗಳು ಹೆಚ್ಚುಕಡಿಮೆ ಅಡ್ಡಡ್ಡ ಮಲಗಿವೆ, ಅವನ್ನು ಹಿಡಿದು ಎಲೆಕ್ಟ್ರಾನ್ ಕೆಳಗಿಳಿಯಲಾರದು. 2024ರ ಮೇ ತಿಂಗಳ ಕಾಂತೀಯ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಿಂದ ಕಂಡ ಕೆಂಪು ಧ್ರುವಪ್ರಭೆಯ, ಅಂದರೆ ಇಂಥ ಎಲೆಕ್ಟ್ರಾನ್‌ಗಳು ಮೂಡಿಸುವ ಬೆಳಕಿನ, ಫೋಟೊ ತೋರಿಸಿದೆ. ಆಮ್ಲಜನಕದ ಆ 630 ನ್ಯಾನೋಮೀಟರ್ ಕೆಂಪು ಹೆಚ್ಚಾಗಿ 200 ಕಿ.ಮೀ.ಗಿಂತ ಮೇಲಿನದು. "ಹಂಗಾದ್ರೆ 200 ಎಲೆಕ್ಟ್ರಾನ್‌ವೋಲ್ಟ್ ಹಾಕಿ ನೋಡಾಣ" ಅಂದ. ಹಾಕಿದೆವು, ಅತಿ ಹೆಚ್ಚು ಅಯಾನು ಹುಟ್ಟುವ ಎತ್ತರ 200 ಕಿ.ಮೀ. ದಾಟಿತು.

ನಿಜದಲ್ಲಿ ಎಲ್ಲ ಶಕ್ತಿಯವೂ ಬೆರೆತೇ ಬೀಳುತ್ತವೆ. ಈಗ ಅವನ್ನು ಲಾಗರಿದಮ್ ಅಂತರದಲ್ಲಿ (ಪ್ರತಿ ಹೋಳಿನ ಶಕ್ತಿ ಹಿಂದಿನದರ ಇಷ್ಟು ಪಟ್ಟು ಎಂಬಂತೆ) ಹೋಳು ಮಾಡಿ, ಒಂದೊಂದು ಹೋಳಿಗೂ ಸೂತ್ರ ಹಾಕಿ ಕೂಡಿಸುವ ಭಾಗವನ್ನು ಅವನೇ ಬರೆಯುತ್ತಿದ್ದಾನೆ.