ಹಳೆಯ ಜಾವಾ, ಯೆಜ್ಡಿ ಎಂಜಿನ್: ಕಿಡಿಯ ದೋಷವನ್ನೂ ಪಿಸ್ಟನ್ ಸವೆತವನ್ನೂ ಒಟ್ಟಿಗೆ ಪತ್ತೆ ಹಚ್ಚುವ ಕ್ರಮ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಿಂದ ಜಾವಾ ಹೆಸರಿನಲ್ಲೂ, 1973ರಿಂದ ಯೆಜ್ಡಿ ಹೆಸರಿನಲ್ಲೂ ಹೊರಬಂದ 250 ಸಿ.ಸಿ. ಟೂ-ಸ್ಟ್ರೋಕ್ ಗಾಡಿಗಳು, ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ರಸ್ತೆಯಲ್ಲಿವೆ. ವರ್ಷಗಟ್ಟಲೆ ನಿಂತಿದ್ದ ಇಂಥ ಗಾಡಿಯೊಂದು ಕೈಗೆ ಬಂದಾಗ ಹೆಚ್ಚಿನವರು ಮೊದಲು ಸಿಲಿಂಡರ್ ಬಿಚ್ಚಿ, ಲೇತ್ ಅಂಗಡಿಗೆ ಕೊಟ್ಟು ಬೋರ್ ಮಾಡಿಸಿ (ಒಳಗೋಡೆಯನ್ನು ಕೊರೆಸಿ ಅಗಲ ಮಾಡಿಸಿ), ಹೊಸ ಪಿಸ್ಟನ್ ಹಾಕಿಸುತ್ತಾರೆ. ಇದು ತಿರುಗುಮುರುಗಾದ ಕ್ರಮ. ಪಾಯಿಂಟ್ (ಕಾಯಿಲಿನ ಕರೆಂಟನ್ನು ತುಂಡರಿಸಿ ಕಿಡಿ ಹುಟ್ಟಿಸುವ ಸ್ವಿಚ್) ಇರುವ ಮಾದರಿಗಳಲ್ಲಿ ಡೈನಮೋ ಆರ್ಮೇಚರ್ ಮತ್ತು ಪಾಯಿಂಟಿನ ಕ್ಯಾಮ್ ಎರಡೂ ಕ್ರ್ಯಾಂಕಿನ ಬಲತುದಿಯಲ್ಲೇ ಕುಳಿತಿರುತ್ತವೆ. ಆದ್ದರಿಂದ ಕ್ರ್ಯಾಂಕ್ ಬೇರಿಂಗ್ ಸವೆದರೆ ಕಿಡಿಯ ಟೈಮಿಂಗ್, ಅಂದರೆ ಅದು ಹಾರುವ ಗಳಿಗೆ, ಕೆಡುತ್ತದೆ, ಟೈಮಿಂಗ್ ಕೆಟ್ಟರೆ ಪಿಸ್ಟನ್ ಸುಡುತ್ತದೆ. ಕಾರಣವನ್ನು ಹಾಗೇ ಉಳಿಸಿ ಪಿಸ್ಟನ್ ಮಾತ್ರ ಬದಲಿಸಿದರೆ ಹೊಸ ಪಿಸ್ಟನ್ನಿಗೂ ಅದೇ ಗತಿ ಬರುತ್ತದೆ.

ಬಿಚ್ಚುವ ಮುನ್ನವೇ ತಿಳಿಯಬೇಕಾದದ್ದು ಬಹಳವಿದೆ. ಎಂಜಿನ್ ಹಿಡಿದುಕೊಂಡಿದ್ದರೆ ಕಿಕ್ ಮೇಲೆ ನಿಂತು ತುಳಿಯಬಾರದು, ಏಕೆಂದರೆ ಒಳಗಿನ ಕಿಕ್ ಗೇರಿನ ಹಲ್ಲು ಮುರಿದರೆ ಎರಡು ಕೆಲಸವಾಗುತ್ತದೆ. ಪ್ಲಗ್ ತೆಗೆದು, ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಒಳಗೆ ಸುರಿದು, ಒಂದೆರಡು ದಿನ ಬಿಟ್ಟು, ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸಬೇಕು. ಎಂಜಿನ್ ತಿರುಗುತ್ತಿದ್ದರೆ ಬಲಗಡೆಯ ಕವರ್ ತೆಗೆದು, ಕ್ರ್ಯಾಂಕಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಬೇಕು. ಅಲ್ಲಿ ಕೈಗೆ ತಿಳಿಯುವಷ್ಟು ಆಟವಿದ್ದರೆ, ಅಥವಾ ಆರ್ಮೇಚರ್ ಫೀಲ್ಡ್ ಕಾಯಿಲಿನ ಕಬ್ಬಿಣಕ್ಕೆ ತಾಗಿ ಹೊಳೆಯುವ ಗೆರೆ ಬಿದ್ದಿದ್ದರೆ, ಬೇರಿಂಗ್ ಮುಗಿದಿದೆ ಎಂದೇ ತಿಳಿಯಬೇಕು. ಆ ಸ್ಥಿತಿಯಲ್ಲಿ ಪಾಯಿಂಟ್ ಗ್ಯಾಪ್ ಹೊಂದಿಸುವುದು ವ್ಯರ್ಥ ಶ್ರಮ. ಕ್ರ್ಯಾಂಕ್ ಅದುರಿದಂತೆ ಗ್ಯಾಪೂ ಅದುರುತ್ತದೆ.

ಬೇರಿಂಗ್ ಸರಿಯಿದೆ ಎಂದಾದ ಮೇಲೆ ಕಿಡಿಯ ಕಡೆಗೆ ಬರೋಣ. ಮೊದಲು ಬ್ಯಾಟರಿಯನ್ನು ನೋಡಬೇಕು. ಡೈನಮೋ ಇರುವ ಈ ಗಾಡಿಗಳಲ್ಲಿ ಕಿಡಿಗೆ ಬೇಕಾದ ಕರೆಂಟ್ 6 ವೋಲ್ಟ್ ಬ್ಯಾಟರಿಯಿಂದಲೇ ಹೋಗುತ್ತದೆ. 6 ವೋಲ್ಟಿನಲ್ಲಿ ಅರ್ಧ ವೋಲ್ಟ್ ಸೋರಿದರೂ ಕಿಡಿ ಸೊರಗುತ್ತದೆ. ಹಳೆಯ ಇಗ್ನಿಷನ್ ಸ್ವಿಚ್, ತುಕ್ಕು ಹಿಡಿದ ಅರ್ತ್ ಜೋಡಣೆ, ಒಳಗೆ ಹಸಿರುಗಟ್ಟಿದ ವೈರು ಇವೆಲ್ಲ ಸೇರಿ ಅಷ್ಟನ್ನು ಸುಲಭವಾಗಿ ತಿಂದುಹಾಕುತ್ತವೆ. ಆದ್ದರಿಂದ ಪಾಯಿಂಟ್ ಮುಚ್ಚಿರುವಾಗ, ಸ್ವಿಚ್ ಹಾಕಿ, ಇಗ್ನಿಷನ್ ಕಾಯಿಲಿನ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗಾಗಿ ಏರಿಸುವ ಸುರುಳಿ) ಎರಡು ಪ್ರೈಮರಿ ಟರ್ಮಿನಲ್‌ಗಳ ನಡುವೆ ಮೀಟರ್ ಇಟ್ಟು ವೋಲ್ಟೇಜ್ ಅಳೆಯಬೇಕು, ಮತ್ತು ಅದನ್ನು ಬ್ಯಾಟರಿಯ ಮೇಲೆ ಸಿಗುವ ಅಳತೆಯೊಂದಿಗೆ ಹೋಲಿಸಬೇಕು.

ಕಿಡಿ ಬರುತ್ತಿದೆಯೇ ಎಂದು ನೋಡಲು ಪ್ಲಗ್ ತೆಗೆದು ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಆದರೆ ಬಯಲಿನಲ್ಲಿ ಹಾರುವ ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲೂ ಹಾರುತ್ತದೆ ಎಂದು ನಂಬಲಾಗದು, ಏಕೆಂದರೆ ಒತ್ತಡ ಹೆಚ್ಚಿದಂತೆ ಅದೇ 0.6 ಮಿ.ಮೀ. ಅಂತರವನ್ನು ದಾಟಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಒಂದು ಹಳೆಯ ಪ್ಲಗ್ಗಿನ ಹೊರ ಎಲೆಕ್ಟ್ರೋಡನ್ನು ಕತ್ತರಿಸಿ, ಕಿಡಿ ಸುಮಾರು 5 ರಿಂದ 6 ಮಿ.ಮೀ. ಹಾರಬೇಕಾದಂತೆ ಮಾಡಿಟ್ಟುಕೊಂಡರೆ ಅದೇ ಒಳ್ಳೆಯ ಪರೀಕ್ಷಾ ಸಾಧನ. ಆ ದೂರವನ್ನು ನೀಲಿ ಕಿಡಿ ಟಪ್ಪೆಂದು ದಾಟಿದರೆ ಕಾಯಿಲ್ ಗಟ್ಟಿಯಾಗಿದೆ. ಹಳದಿಯಾಗಿ, ಎಳೆಎಳೆಯಾಗಿ ಹಾರಿದರೆ ಪಾಯಿಂಟ್, ಕಂಡೆನ್ಸರ್ (ಪಾಯಿಂಟಿನ ಮುಖಗಳ ನಡುವೆ ಕಿಡಿ ಹಾರದಂತೆ ತಡೆಯುವ ಭಾಗ), ಕಾಯಿಲ್ ಮೂರನ್ನೂ ಅನುಮಾನಿಸಬೇಕು. ಈ ಪರೀಕ್ಷೆ ಮಾಡುವಾಗ ಪ್ಲಗ್ ತೂತಿನ ಹತ್ತಿರ ಪೆಟ್ರೋಲ್ ಆವಿ ಇರಬಾರದು. ಟ್ಯಾಂಕಿನ ಕಾಕ್ ಮುಚ್ಚಿ, ತೂತಿನಿಂದ ದೂರದಲ್ಲಿ ಕಿಡಿ ಹಾರಿಸಬೇಕು.

ಕಂಡೆನ್ಸರ್ ಸತ್ತಿದ್ದರೆ ಪಾಯಿಂಟಿನ ಮುಖಗಳ ನಡುವೆಯೇ ದಪ್ಪ ಕಿಡಿ ಕಾಣುತ್ತದೆ, ಮುಖದ ಒಂದು ಬದಿಯಲ್ಲಿ ಗುಳಿಯೂ ಇನ್ನೊಂದು ಬದಿಯಲ್ಲಿ ದಿಬ್ಬವೂ ಬೆಳೆದಿರುತ್ತವೆ. ಕಾಯಿಲಿನ ದೋಷ ಇದಕ್ಕಿಂತ ಕಪಟದ್ದು. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ, ಕಾಲು ಗಂಟೆ ಓಡಿ, ನಿಲ್ಲಿಸಿದ ಮೇಲೆ ತಣ್ಣಗಾಗುವವರೆಗೂ ಸ್ಟಾರ್ಟ್ ಆಗದ ಗಾಡಿಯಲ್ಲಿ ಕಾಯಿಲಿನ ಒಳಸುತ್ತು ಬಿಸಿಗೆ ಕೆಟ್ಟಿರುವ ಸಾಧ್ಯತೆಯಿದೆ. ಆದರೆ ಸವೆದ ರಿಂಗು ಮತ್ತು ಬೋರ್ ಕೂಡ ಇದೇ ಲಕ್ಷಣವನ್ನು ತೋರಿಸುತ್ತವೆ, ಏಕೆಂದರೆ ಆಯಿಲ್ ಬಿಸಿಯಾಗಿ ತೆಳುವಾದಾಗ ಕಂಪ್ರೆಷನ್ ಬೀಳುತ್ತದೆ. ಎಷ್ಟೋ ಸಿಲಿಂಡರ್‌ಗಳು ಅನಗತ್ಯವಾಗಿ ಬೋರ್ ಆಗಿರುವುದು ಈ ಗೊಂದಲದಿಂದಲೇ. ಇದನ್ನು ಬಿಡಿಸುವ ದಾರಿ ಸರಳ: ಗಾಡಿ ಬಿಸಿಯಲ್ಲಿ ನಿಂತ ಆ ಕ್ಷಣದಲ್ಲೇ ಮೇಲಿನ ಪರೀಕ್ಷೆಯ ಪ್ಲಗ್ಗಿನಿಂದ ಕಿಡಿ ನೋಡಬೇಕು. ಕಿಡಿ ಬಲವಾಗಿದ್ದರೆ ಮಾತ್ರ ಕಂಪ್ರೆಷನ್ ಗೇಜ್ ಹಚ್ಚಿ, ತಣ್ಣಗಿದ್ದಾಗಿನ ಅಳತೆಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ನೋಡಬೇಕು.

ಟೈಮಿಂಗ್ ಹೊಂದಿಸುವಾಗ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಪಾಯಿಂಟ್ ಪೂರ್ತಿ ತೆರೆದಿರುವಾಗ ಫೀಲರ್ ಗೇಜಿನಿಂದ 0.4 ಮಿ.ಮೀ. ಗ್ಯಾಪ್ ಇಟ್ಟು ಬಿಗಿಗೊಳಿಸಬೇಕು. ಟೈಮಿಂಗ್ ಹೊಂದಿಸಿದ ಮೇಲೆ ಗ್ಯಾಪ್ ಮುಟ್ಟಿದರೆ ಟೈಮಿಂಗೂ ಸರಿಯುತ್ತದೆ: ಗ್ಯಾಪ್ ಹೆಚ್ಚಾದರೆ ಕಿಡಿ ಮುಂದಾಗುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಬಳಿಕ ಡಯಲ್ ಗೇಜಿನಿಂದ ಪಿಸ್ಟನ್ ಅತಿ ಮೇಲಿರುವ ಬಿಂದುವನ್ನು ಗುರುತಿಸಿ, ಎಂಜಿನ್ನನ್ನು ಓಡುವ ದಿಕ್ಕಿಗೆ ವಿರುದ್ಧವಾಗಿ ಸಾಕಷ್ಟು ತಿರುಗಿಸಿ, ಮತ್ತೆ ಓಡುವ ದಿಕ್ಕಿನಲ್ಲಿ ತಂದು, ಪಿಸ್ಟನ್ ಆ ಬಿಂದುವಿಗೆ ಸುಮಾರು 3 ಮಿ.ಮೀ. ಕೆಳಗಿರುವಾಗ ಪಾಯಿಂಟ್ ತೆರೆಯಲು ಶುರುವಾಗುವಂತೆ ಪಾಯಿಂಟ್ ಕೂತಿರುವ ತಟ್ಟೆಯನ್ನು ಹೊಂದಿಸಬೇಕು. ಈ ಎಂಜಿನ್ನಿನ 75 ಮಿ.ಮೀ. ಸ್ಟ್ರೋಕಿಗೆ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) ಅದು ಕ್ರ್ಯಾಂಕಿನ ಸುಮಾರು 20 ಡಿಗ್ರಿಯಾಗುತ್ತದೆ. ನಿಮ್ಮ ಮಾದರಿಯ ಕೈಪಿಡಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಪ್ಲಗ್ ತೂತು ಓರೆಯಾಗಿದ್ದರೆ ಗೇಜ್ ಸುಳ್ಳು ಹೇಳುತ್ತದೆ, ಹಾಗಾಗಿ ಹೆಡ್ ತೆಗೆದೇ ಅಳೆಯುವುದು ಒಳ್ಳೆಯದು. ಪಾಯಿಂಟ್ ತೆರೆಯುವ ಕ್ಷಣವನ್ನು ಕಣ್ಣಿನಿಂದ ನೋಡಿ ಹೇಳಲಾಗದು. ಪಾಯಿಂಟಿನ ವೈರಿಗೂ ಅರ್ತಿಗೂ ನಡುವೆ 6 ವೋಲ್ಟಿನ ಚಿಕ್ಕ ಬಲ್ಬ್ ಹಚ್ಚಿ ಸ್ವಿಚ್ ಹಾಕಿದರೆ, ಪಾಯಿಂಟ್ ಮುಚ್ಚಿರುವಾಗ ಆರಿರುವ ಬಲ್ಬ್ ತೆರೆದ ಕ್ಷಣದಲ್ಲಿ ಹೊತ್ತುತ್ತದೆ.

ಈಗ ಸಿಲಿಂಡರ್ ಬಿಚ್ಚಬಹುದು. ಹೊರಬಂದ ಪಿಸ್ಟನ್ನನ್ನು ತೊಳೆಯುವ ಮುನ್ನ ಬೆಳಕಿನಲ್ಲಿ ಹಿಡಿದು ನಿಧಾನವಾಗಿ ನೋಡಬೇಕು; ಎಂಜಿನ್ ಹೇಗೆ ಬದುಕಿತ್ತು ಎಂಬುದರ ದಾಖಲೆ ಅದು. ಎಕ್ಸಾಸ್ಟ್ ಕಡೆಯಲ್ಲಿ ಮಾತ್ರ ಉದ್ದುದ್ದ ಗೀರು ಬಿದ್ದಿದ್ದರೆ ಆಯಿಲ್ ಸಾಲದೆ, ಇಲ್ಲವೇ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗಿ ಕಾದಿದೆ. ಸುತ್ತಲೂ ನಾಲ್ಕು ಕಡೆ ಗೀರಿದ್ದರೆ ಪಿಸ್ಟನ್ನಿಗೆ ಬಿಟ್ಟ ಜಾಗ ಸಾಲದು, ಅಥವಾ ಎಂಜಿನ್ ಕಾಯುವ ಮೊದಲೇ ಜೋರಾಗಿ ಓಡಿಸಲಾಗಿದೆ. ಇನ್‌ಲೆಟ್ ಕಡೆ ಮಂಕು ಬೂದು ಬಣ್ಣಕ್ಕೆ ತಿರುಗಿ ಸವೆದಿದ್ದರೆ ಏರ್ ಫಿಲ್ಟರ್ ಇಲ್ಲದೆ ಧೂಳು ಕುಡಿದಿದೆ. ತಲೆಯ ಅಂಚು ಸಣ್ಣಸಣ್ಣ ಗುಳಿಬಿದ್ದು ತಿಂದುಹೋದಂತಿದ್ದರೆ ಕಿಡಿ ಬಹಳ ಮುಂದಾಗಿತ್ತು ಎಂದರ್ಥ, ಮತ್ತು ಇಲ್ಲಿ ಟೈಮಿಂಗ್ ಬಗ್ಗೆ ಈ ಮೊದಲು ಸಿಕ್ಕ ಅಳತೆ ಸಾಕ್ಷಿಯಾಗಿ ನೆರವಿಗೆ ಬರುತ್ತದೆ. ಪಿಸ್ಟನ್ ಒಂದೇ ಓರೆಯಲ್ಲಿ, ಮೇಲೆ ಒಂದು ಬದಿಗೂ ಕೆಳಗೆ ಅದರ ಎದುರು ಬದಿಗೂ ಸವೆದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿದೆ.

ಗಾಳಿ ಹೆಚ್ಚಾಗಿ ಕಾದ ಗುರುತು ಕಂಡರೆ ಕಾರ್ಬ್ಯುರೇಟರನ್ನೇ ದೂರಬಾರದು. ಡೈನಮೋ ಕಡೆಯ ಕ್ರ್ಯಾಂಕ್ ಸೀಲ್ ಸೋತರೆ ಹೊರಗಿನ ಗಾಳಿ ಕ್ರ್ಯಾಂಕ್ ಕೇಸಿಗೆ ನುಗ್ಗುತ್ತದೆ, ಪಾಯಿಂಟಿನ ಮೇಲೆ ಆಯಿಲ್ ಹೊಗೆಯೂ ಕೂರುತ್ತದೆ. ಕ್ಲಚ್ ಕಡೆಯ ಸೀಲ್ ಸೋತರೆ ಗೇರ್ ಆಯಿಲನ್ನು ಎಳೆದುಕೊಂಡು ದಟ್ಟ ಹೊಗೆ ಬಿಡುತ್ತದೆ, ಪ್ಲಗ್ ಮತ್ತೆ ಮತ್ತೆ ಕಪ್ಪಾಗುತ್ತದೆ. ಪರೀಕ್ಷೆಗೆ ಬಿ.ಪಿ. ನೋಡುವ ಹಳೆಯ ಉಪಕರಣದ ರಬ್ಬರ್ ಬಲ್ಬ್ ಮತ್ತು ಗೇಜ್ ಸಾಕು. ಸಿಲಿಂಡರ್ ಕೂರಿಸಿ, ಇನ್‌ಲೆಟ್ ಮತ್ತು ಎರಡೂ ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಹಾಳೆಯಿಂದ ಬಿಗಿದು, ಪಿಸ್ಟನ್ ಕೆಳಗಿರುವಾಗ ಪ್ಲಗ್ ತೂತಿನ ಮೂಲಕ 300 ಮಿ.ಮೀ. ಪಾದರಸದವರೆಗೆ, ಅಂದರೆ ಸುಮಾರು 0.4 ಬಾರ್ ಒತ್ತಡ ಕೊಟ್ಟು ಬಿಡಬೇಕು. ಕೆಲವು ನಿಮಿಷದಲ್ಲೇ ಮುಳ್ಳು ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗವನ್ನು ಹುಡುಕಬೇಕು.

ಬೋರಿನಲ್ಲಿ ಗೀರು ಕಂಡ ಮಾತ್ರಕ್ಕೆ ಬೋರಿಂಗ್ ಬೇಕೆಂದಿಲ್ಲ. ಎಷ್ಟೋ ಸಲ ಅದು ಕಬ್ಬಿಣದ ಗೀರಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟಿದ್ದು. ಈ ಸಿಲಿಂಡರ್ ಎರಕದ ಕಬ್ಬಿಣದ್ದಾದ್ದರಿಂದ ಕಾಸ್ಟಿಕ್ ಸೋಡಾ ದ್ರಾವಣವನ್ನು ಅಲ್ಲಷ್ಟೇ ಹಚ್ಚಿದರೆ ಅಲ್ಯೂಮಿನಿಯಂ ಕರಗಿ ಕಬ್ಬಿಣ ಉಳಿಯುತ್ತದೆ. ಕೈಗವಸು, ಕನ್ನಡಕ ಮತ್ತು ತೆರೆದ ಗಾಳಿ ಇಲ್ಲದೆ ಇದನ್ನು ಮಾಡಲೇಬಾರದು. ಆಮೇಲೆ ಬೋರ್ ಗೇಜಿನಿಂದ ಮೇಲೆ, ಪೋರ್ಟುಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಮೇಲ್ಭಾಗದಲ್ಲಿ ಮತ್ತು ಕೆಳಗೆ, ಪ್ರತಿಯೊಂದು ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ಮೂಲ ಅಳತೆ 65 ಮಿ.ಮೀ.; ಓವರ್‌ಸೈಜ್ ಪಿಸ್ಟನ್‌ಗಳು 0.25 ಮಿ.ಮೀ. ಹೆಚ್ಚಳದಲ್ಲಿ ಬರುತ್ತವೆ. ಪಿಸ್ಟನ್ನನ್ನು ಸ್ಕರ್ಟಿನ ಬುಡದ ಹತ್ತಿರ, ಗಜನ್ ಪಿನ್ನಿಗೆ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್) ಅಡ್ಡವಾಗಿ ಮೈಕ್ರೋಮೀಟರಿನಿಂದ ಅಳೆದು, ಅದನ್ನು ಟರ್ನರ್ ಕೈಗೆ ಕೊಟ್ಟೇ ಬೋರ್ ಮಾಡಿಸಬೇಕು. ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ಬೋರ್ ಮಾಡಿಸುವುದು ಅಪಾಯ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ವ್ಯಾಸದ ಪ್ರತಿ ಇಂಚಿಗೆ ಒಂದು ಥೌ (ಇಂಚಿನ ಸಾವಿರದ ಒಂದು ಭಾಗ) ಎಂಬ ವರ್ಕ್‌ಶಾಪ್ ಲೆಕ್ಕದಂತೆ ಇಲ್ಲಿ ಸುಮಾರು 0.065 ಮಿ.ಮೀ. ಜಾಗ ಬರುತ್ತದೆ. ಪೋರ್ಟುಗಳ ಅಂಚನ್ನು ಸಣ್ಣದಾಗಿ ಉಜ್ಜಿ ಮೊಂಡು ಮಾಡದೆ ಬಿಟ್ಟರೆ ರಿಂಗು ಅಲ್ಲಿ ಸಿಕ್ಕಿ ಮುರಿಯುತ್ತದೆ. ರಿಂಗನ್ನು ಬೋರಿನೊಳಗೆ ಸಮವಾಗಿ ಇಳಿಸಿ ತುದಿಗಳ ಅಂತರ 0.2 ರಿಂದ 0.35 ಮಿ.ಮೀ. ಇದೆಯೇ ನೋಡಿ, ಪಿಸ್ಟನ್ನಿನ ರಿಂಗ್ ಕೂರುವ ಸೀಳಿನಲ್ಲಿರುವ ಪಿನ್ನಿಗೆ ಸರಿಯಾಗಿ ಕೂರಿಸಬೇಕು.

ಹೊಸ ಪಿಸ್ಟನ್ನಿನ ಮೊದಲ 500 ಕಿ.ಮೀ.ಗೆ ಪ್ರತಿ ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟೂ-ಟಿ ಆಯಿಲ್, ಬಳಿಕ 40 ಮಿ.ಲೀ. ಬೆರೆಸಬೇಕು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಮಿಶ್ರಣವನ್ನು ತೆಳುವಾಗಿಸುವುದರಿಂದ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿ ಹಾಕಿ, ಪ್ಲಗ್ಗಿನ ಬಣ್ಣ ನೋಡಿ ನಿರ್ಧರಿಸಬೇಕು. ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕ್ ಖಾಲಿ ಮಾಡಿಡಬೇಕು. ಪಾಯಿಂಟಿನ ಫೈಬರ್ ಹಿಮ್ಮಡಿ ಹೊಸದಾಗಿದ್ದಾಗ ಬೇಗ ಸವೆದು ಗ್ಯಾಪ್ ಕಿರಿದಾಗುತ್ತದೆ. ಆದ್ದರಿಂದ ಕ್ಯಾಮಿಗೆ ತೆಳುವಾಗಿ ಗ್ರೀಸ್ ಸವರಿ, 500 ಕಿ.ಮೀ. ಮುಗಿದ ದಿನವೇ ಗ್ಯಾಪನ್ನೂ ಟೈಮಿಂಗನ್ನೂ ಮತ್ತೊಮ್ಮೆ ಅಳೆದು ಹೊಂದಿಸಬೇಕು.