ಅದನ್ನು ನೋಡಿದವರು ಯಾರು?

ಐದು ವರ್ಷದ ಮಗಳಿಗೆ ಡೈನೊಸಾರ್‌ಗಳನ್ನು ಪರಿಚಯಿಸಲು ಹೊರಟಾಗ ನಾನು ಹೆಸರುಗಳಿಂದಲೇ ಆರಂಭಿಸಿದ್ದೆ. ಎರಡು ವಾರಗಳಲ್ಲಿ ಹದಿನೈದು ಹೆಸರುಗಳನ್ನು ಅವಳು ನಾಲಿಗೆ ತೊಡರದೆ ಒಪ್ಪಿಸತೊಡಗಿದಳು. ಮನೆಗೆ ಬಂದವರ ಮುಂದೆ ಹೇಳಿಸಿ ನಾನೂ ಬೀಗಿದ್ದುಂಟು. ಒಂದು ದಿನ ಅವಳು, “ಅಮ್ಮಾ, ಇದನ್ನೆಲ್ಲ ಯಾರು ನೋಡಿದ್ರು?” ಎಂದು ಕೇಳಿದಳು. ಯಾರೂ ನೋಡಿಲ್ಲ ಎಂದೆ. ಹಾಗಿದ್ದರೆ ಇದೂ ರಾಕ್ಷಸರ ಕಥೆಯಂತೆಯೇ ಎಂದು ಅವಳು ತೀರ್ಮಾನಿಸಿದಳು. ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ಹೆಸರುಗಳ ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ.

ಮರುದಿನ ಅವಳು ಬೇರೆ ಕೋಣೆಯಲ್ಲಿದ್ದಾಗ, ಮೂರು ಆಟಿಕೆಗಳ ಪೈಕಿ ಒಂದರ ಪಾದವನ್ನು ಹದವಾದ ಜೇಡಿಮಣ್ಣಿನಲ್ಲಿ ಒತ್ತಿ, ಗುರುತು ಯಾರದೆಂದು ಪತ್ತೆಮಾಡಲು ಹೇಳಿದೆ. ಅವಳು ಬೆರಳುಗಳನ್ನು ಎಣಿಸಿ, ಪ್ರತಿ ಆಟಿಕೆಯ ಕಾಲನ್ನೂ ಕುಳಿಯ ಮೇಲೆ ಹಿಡಿದು ನೋಡಿ, ಸರಿಯಾದದ್ದನ್ನೇ ಎತ್ತಿಕೊಂಡಳು. ನೋಡದೆಯೂ ತಿಳಿಯಬಹುದು ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಬಳಿಕ ಕುಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದೆವು. ಗಟ್ಟಿಯಾಗುವಾಗ ಅದು ಬಿಸಿಯೇರಿ ಕೈ ಸುಡಬಹುದಾದ್ದರಿಂದ ಕಲಸುವ ಕೆಲಸವನ್ನು ನಾನೇ ಇಟ್ಟುಕೊಂಡೆ. ಮೊದಲ ಸಲ ಅವಸರದಿಂದ ಕಿತ್ತಾಗ ಎರಡು ಬೆರಳು ಮುರಿದು ಮಣ್ಣಿನಲ್ಲೇ ಉಳಿದವು. ಎರಡನೆಯ ಸಲ ರಾತ್ರಿಯಿಡೀ ಬಿಟ್ಟದ್ದರಿಂದ ಹೆಜ್ಜೆ ಇಡಿಯಾಗಿ ಬಂತು. ಮುರಿದದ್ದೇ ಅವಳಿಗೆ ಹೆಚ್ಚು ಪ್ರಿಯವಾಯಿತು, ಏಕೆಂದರೆ ನಿಜವಾದ ಪಳೆಯುಳಿಕೆಗಳೂ ಬಹುತೇಕ ಹೀಗೆ ತುಂಡುತುಂಡಾಗಿಯೇ ಸಿಗುತ್ತವೆ ಎಂದು ಹೇಳಿದ್ದೆ.

ಕಾಲದ ಲೆಕ್ಕ ಇದಕ್ಕಿಂತ ಕಷ್ಟದ್ದು. “ಕೋಟಿ ವರ್ಷ” ಎಂದರೆ ಐದರ ಮಗುವಿಗೆ “ತುಂಬಾ” ಎಂದಷ್ಟೇ ಅರ್ಥ. ಹೀಗಾಗಿ 10 ಲಕ್ಷ ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಉಲ್ಲನ್ ದಾರವೊಂದನ್ನು ನೆಲದ ಮೇಲೆ ಹಾಸಿದೆ. ಇಂದನ್ನು ಸೂಚಿಸುವ ತುದಿಯಿಂದ ಮೊದಲ ಡೈನೊಸಾರ್‌ಗಳು ಸುಮಾರು 230 ಸೆಂಟಿಮೀಟರ್ ದೂರದಲ್ಲಿ, ಸ್ಟೆಗೊಸಾರಸ್ 150ರಲ್ಲಿ, ಟೈರನೊಸಾರಸ್ ಮತ್ತು ಡೈನೊಸಾರ್‌ಗಳ ಅಳಿವಿಗೆ ಕಾರಣವಾದ ಕ್ಷುದ್ರಗ್ರಹದ ಅಪ್ಪಳಿಕೆ 66ರ ಆಸುಪಾಸಿನಲ್ಲಿ ನಿಂತವು. ನಮ್ಮಂಥ ಮನುಷ್ಯರ 3 ಲಕ್ಷ ವರ್ಷಗಳಿಗೆ ದಕ್ಕಿದ್ದು ಮೂರು ಮಿಲಿಮೀಟರ್, ಅಂದರೆ ದಾರದ ತುದಿಗೆ ನಾನು ಹಾಕಿದ್ದ ಗಂಟು. ಸದಾ ಪರಸ್ಪರ ಕಾದಾಡುತ್ತಿದ್ದ ಅವಳ ಎರಡು ಆಟಿಕೆಗಳು ಒಂದನ್ನೊಂದು ಕಂಡೇ ಇರಲಿಲ್ಲ, ಟೈರನೊಸಾರಸ್ ಸ್ಟೆಗೊಸಾರಸ್‌ಗಿಂತ ನಮಗೇ ಹತ್ತಿರ ಎಂಬುದು ದಾರದ ಮೇಲೆ ಕಂಡಾಗ, ಅವಳಿಗಿಂತ ನಾನೇ ಹೆಚ್ಚು ಬೆರಗಾದೆ.

ಆಟಿಕೆಗಳ ಡಬ್ಬಿಯ ಮೇಲೆ ನಂಬಿಕೆಯಿಟ್ಟು ನಾನು ಒಂದು ತಪ್ಪನ್ನೂ ಕಲಿಸಿಬಿಟ್ಟಿದ್ದೆ: ರೆಕ್ಕೆಯ ಟೆರೊಸಾರ್ ಕೂಡ ಡೈನೊಸಾರ್ ಎಂದು. ನಿಜಕ್ಕೂ ಅದು ಡೈನೊಸಾರ್ ಅಲ್ಲ, ಅವುಗಳ ಹತ್ತಿರದ ಬಂಧು ಮಾತ್ರ. ತಪ್ಪಾಗಿ ಹೇಳಿದ್ದೆ ಎಂದು ಒಪ್ಪಿಕೊಂಡದ್ದರಿಂದ ನಷ್ಟವೇನೂ ಆಗಲಿಲ್ಲ, ಅಂದಿನಿಂದ ಪ್ರತಿಯೊಂದಕ್ಕೂ “ಅದು ಹೇಗೆ ಗೊತ್ತು?” ಎಂದು ಕೇಳುವುದು ಅವಳಿಗೆ ರೂಢಿಯಾಯಿತು.

ಬಣ್ಣದ ವಿಷಯದಲ್ಲಿ ಈ ಪ್ರಶ್ನೆ ನನ್ನನ್ನೂ ಕಟ್ಟಿಹಾಕಿತು. ಚೀನಾದಲ್ಲಿ ಸಿಕ್ಕ ಸಿನೊಸಾರಾಪ್ಟೆರಿಕ್ಸ್ ಎಂಬ ಪುಟ್ಟ ಡೈನೊಸಾರ್‌ನ ಗರಿಗಳಲ್ಲಿ ಉಳಿದಿದ್ದ ಸೂಕ್ಷ್ಮ ವರ್ಣಕಣಗಳಿಂದ, ಅದರ ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದವೆಂದು ವಿಜ್ಞಾನಿಗಳು 2010ರಲ್ಲಿ ತಿಳಿಸಿದರು. ಟೈರನೊಸಾರಸ್‌ಗೆ ಅಂಥ ಸಾಕ್ಷ್ಯವಿಲ್ಲ. ಮಗಳು ಅದಕ್ಕೆ ಗಾಢ ಗುಲಾಬಿ ಬಣ್ಣ ಬಳಿದಾಗ ತಿದ್ದಲು ಹೋಗಿ ಕೈ ಹಿಂದೆಗೆದುಕೊಂಡೆ. ಚಿತ್ರದ ಕೆಳಗೆ “ಬಣ್ಣ ಗೊತ್ತಿಲ್ಲ” ಎಂದು ಬರೆಯುವಂತೆ ಅವಳೇ ಹೇಳಿದಳು.