ಶ್ರೀಲಂಕಾ ಪ್ರವಾಸಕ್ಕೆ ತಿಂಗಳು ಆರಿಸುವ ಮುನ್ನ ಗಾಳಿಯ ದಿಕ್ಕು ನೋಡಿ

ಶ್ರೀಲಂಕಾ ನೋಡಲು ಒಳ್ಳೆಯ ತಿಂಗಳು ಯಾವುದು ಎಂದು ಕೇಳಿದರೆ ಬಹಳಷ್ಟು ಜನ ‘ಡಿಸೆಂಬರ್‌ನಿಂದ ಮಾರ್ಚ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದನ್ನು ನಂಬಿ ಡಿಸೆಂಬರ್ ರಜೆಗೆ ಪೂರ್ವ ಕರಾವಳಿಯ ತ್ರಿಂಕೋಮಲಿಯಲ್ಲಿ ಕೋಣೆ ಹಿಡಿದವರು ಕಡಲನ್ನು ಕಿಟಕಿಯಿಂದಲೇ ನೋಡಿ ಹಿಂತಿರುಗಬೇಕಾದೀತು, ಏಕೆಂದರೆ ಆ ಮಗ್ಗುಲಿಗೆ ಅದು ನಡು ಮಳೆಗಾಲ. ಕೊಲಂಬೊದ ಸರಾಸರಿ ಉಷ್ಣಾಂಶ ವರ್ಷವಿಡೀ 27–28 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ, ಬಯಲಿನಲ್ಲಿ ಒಂದು ಕಾಲವನ್ನು ಇನ್ನೊಂದರಿಂದ ಬೇರ್ಪಡಿಸುವುದು ಮಳೆಯೇ. 65,610 ಚದರ ಕಿಲೋಮೀಟರ್ ವಿಸ್ತೀರ್ಣದ, ಎಂದರೆ ಕರ್ನಾಟಕದ ಸುಮಾರು ಮೂರನೆಯ ಒಂದು ಭಾಗದಷ್ಟಿರುವ ಈ ದ್ವೀಪಕ್ಕೆ ಆ ಮಳೆ ಎರಡು ಬೇರೆ ದಿಕ್ಕುಗಳಿಂದ, ಎರಡು ಬೇರೆ ಕಾಲಗಳಲ್ಲಿ ಬರುತ್ತದೆ. ಆದ್ದರಿಂದ ನಿಮಗೆ ಬಿಡುವಿರುವ ತಿಂಗಳನ್ನು ಮೊದಲು ಗೊತ್ತುಮಾಡಿಕೊಂಡು, ಆ ತಿಂಗಳಲ್ಲಿ ದ್ವೀಪದ ಯಾವ ಮಗ್ಗುಲು ಒಣಗಿರುತ್ತದೆ ಎಂದು ಕೇಳುವುದು ಸರಿಯಾದ ಕ್ರಮ.

ಇದರ ಮರ್ಮ ನಮಗೆ ಹೊಸದಲ್ಲ. ಆಗುಂಬೆ ತೊಯ್ದು ತೊಪ್ಪೆಯಾಗುವ ದಿನಗಳಲ್ಲೇ ಚಳ್ಳಕೆರೆ ಮೋಡ ನೋಡುತ್ತ ಕೂರುವಂತೆ, ಮೇಯಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮಾರುತವನ್ನು ಲಂಕೆಯ ನಡುವಿನ ಬೆಟ್ಟಸಾಲು ತಡೆದು, ಕೊಲಂಬೊ, ಗಾಲೆ, ರತ್ನಪುರಗಳ ಕಡೆಗೆ ಮಳೆ ಸುರಿಸಿ, ಆಚೆಗೆ ಒಣಗಾಳಿಯನ್ನಷ್ಟೇ ದಾಟಿಸುತ್ತದೆ. ಪೂರ್ವದವರು ಆ ಬಿಸಿಗಾಳಿಯನ್ನು ‘ಕಚ್ಚಾನ್’ ಎನ್ನುತ್ತಾರೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಈಶಾನ್ಯ ಮಾರುತ ಬೀಸಿದಾಗ ಸರದಿ ಅದಲುಬದಲಾಗಿ ಉತ್ತರ ಮತ್ತು ಪೂರ್ವ ಭಾಗಗಳು ನೆನೆಯುತ್ತವೆ. ಮಾರ್ಚ್–ಏಪ್ರಿಲ್ ಹಾಗೂ ಅಕ್ಟೋಬರ್–ನವೆಂಬರ್ ಈ ಎರಡು ಮಾರುತಗಳ ನಡುವಿನ ಅವಧಿಗಳು.

ನಮ್ಮಲ್ಲಿ ಹೆಚ್ಚಿನ ಕುಟುಂಬಗಳ ಬಿಡುವು ಮಕ್ಕಳ ಬೇಸಿಗೆ ರಜೆಯಾಗಿರುವುದರಿಂದ ಅದನ್ನೇ ಮೊದಲು ನೋಡೋಣ. ಏಪ್ರಿಲ್‌ನಲ್ಲಿ ಎರಡೂ ಕರಾವಳಿಗಳ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಬೆಳಗು ಬಿಸಿಲಿನದು, ಮಧ್ಯಾಹ್ನ ಕಳೆದ ಮೇಲೆ ಚಿಕ್ಕಮಗಳೂರಿನ ಹೂಮಳೆಯಂತೆ ಗುಡುಗಿನೊಂದಿಗೆ ಒಂದು ಸುರಿತ. ಹೊರಗಿನ ತಿರುಗಾಟವನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಏಪ್ರಿಲ್ 13–14ರ ಸಿಂಹಳ–ತಮಿಳು ಹೊಸವರ್ಷದ ಆಸುಪಾಸಿನಲ್ಲಿ ಅಂಗಡಿ, ಹೋಟೆಲುಗಳು ಮುಚ್ಚಿರುತ್ತವೆ, ರೈಲು–ಬಸ್ಸುಗಳು ಕಿಕ್ಕಿರಿದಿರುತ್ತವೆ, ಸ್ಥಳೀಯರೆಲ್ಲ ತಂಪು ಹುಡುಕಿ ಬೆಟ್ಟದ ಪಟ್ಟಣ ನುವರ ಎಲಿಯಕ್ಕೆ ಏರುವುದರಿಂದ ಅಲ್ಲಿನ ಕೋಣೆಗಳ ಬಾಡಿಗೆ ಕೈಸುಡುತ್ತದೆ. ಏಪ್ರಿಲ್ ಕೊನೆಯ ವಾರ ಹೊರಡುವುದು ಲೇಸು. ಮೇ ನಡುವಿನಿಂದ ನೈಋತ್ಯ ಕರಾವಳಿಯನ್ನು ಬಿಟ್ಟು ಪೂರ್ವಕ್ಕೆ ಹೋಗಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲವನ್ನು ‘ಮಳೆಗಾಲ’ ಎಂದು ಅಳಿಸಿಹಾಕುವವರು ಲಂಕೆಯ ಅರ್ಧ ಸೊಗಸನ್ನು ಕಳೆದುಕೊಳ್ಳುತ್ತಾರೆಂಬುದು ನನ್ನ ಅಭಿಪ್ರಾಯ. ಹಳೆಯ ರಾಜಧಾನಿಗಳಾದ ಅನುರಾಧಪುರ, ಪೊಲೊನ್ನರುವ, ಸಿಗಿರಿಯಗಳೆಲ್ಲ ನೈಋತ್ಯದ ಮಳೆ ಅಷ್ಟಾಗಿ ತಲುಪದ ಒಣವಲಯದಲ್ಲಿವೆ. ತ್ರಿಂಕೋಮಲಿಯ ಕಡಲು ತಿಳಿಯಾಗಿರುತ್ತದೆ, ಅರುಗಮ್ ಬೇಯಲ್ಲಿ ಅಲೆಸವಾರರು ನೆರೆದಿರುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಮಹಾಸೇನನೆಂಬ ಅರಸ ಸುಮಾರು 1,700 ವರ್ಷಗಳ ಹಿಂದೆ ಕಟ್ಟಿಸಿದ ಮಿನ್ನೇರಿಯ ಕೆರೆಯ ನೀರು ಇಳಿದು ಅಂಗಳದಲ್ಲಿ ಎಳೆಹುಲ್ಲು ಚಿಗುರಿದಾಗ, ಸುತ್ತಲಿನ ಕಾಡುಗಳಿಂದ ನೂರಾರು ಆನೆಗಳು ಮರಿಗಳೊಡನೆ ಅಲ್ಲಿಗೆ ಇಳಿದು ಬರುತ್ತವೆ. ಆಗಸ್ಟ್, ಸೆಪ್ಟೆಂಬರ್‌ನ ಸಂಜೆಗಳು ಇದಕ್ಕೆ ತಕ್ಕ ಹೊತ್ತು. ಮೇಲಿನ ಮೊರಗಹಕಂದ ಜಲಾಶಯದಿಂದ ನೀರು ಹರಿದುಬಂದು ಕೆರೆ ತುಂಬಿಕೊಂಡ ವರ್ಷಗಳಲ್ಲಿ ಹುಲ್ಲು ಮುಳುಗಿ, ಆನೆಗಳು ಕೌದುಲ್ಲಕ್ಕೋ ಹುರುಲು ಕಾಡಿಗೋ ಸರಿಯುವುದುಂಟು. ಆದಕಾರಣ ಜೀಪನ್ನು ಹಿಂದಿನ ದಿನವೇ ಒಂದು ಕಾಡಿಗೆಂದು ಗೊತ್ತುಮಾಡದೆ, ಅಂದಿನ ಸುದ್ದಿಯನ್ನು ಚಾಲಕನಲ್ಲಿ ವಿಚಾರಿಸಿಯೇ ಹೊರಡಬೇಕು. ಜುಲೈ–ಆಗಸ್ಟ್‌ನಲ್ಲಿ ಕ್ಯಾಂಡಿಯಲ್ಲಿ ನಡೆಯುವ ಎಸಳ ಪೆರಹರ ಎಂಬ ಬೌದ್ಧ ಉತ್ಸವದ ಮೆರವಣಿಗೆಯನ್ನೂ ಇದರೊಂದಿಗೆ ಜೋಡಿಸಬಹುದು. ದಿನಾಂಕ ಚಾಂದ್ರಮಾನದ ಪ್ರಕಾರ ಪ್ರತಿವರ್ಷ ಬದಲಾಗುವುದರಿಂದ ಮೊದಲೇ ತಿಳಿದುಕೊಳ್ಳಿ. ಮೆರವಣಿಗೆಯ ಕೊನೆಯ ದಿನಗಳಲ್ಲಿ ಕೋಣೆ ಸಿಗುವುದು ದುರ್ಲಭ.

ದಸರಾ ರಜೆಯ ವಿಷಯದಲ್ಲಿ ಎಚ್ಚರ ಬೇಕು. ರಜೆ ಸೆಪ್ಟೆಂಬರ್ ಕೊನೆಗೆ ಬಿದ್ದ ವರ್ಷ ಮೇಲೆ ಹೇಳಿದ ಒಣವಲಯದ ಸುತ್ತಾಟ ನಡೆಯುತ್ತದೆ, ಆದರೆ ಚಿರತೆಗಳಿಗೆ ಹೆಸರಾದ ಯಾಲ ಅಭಯಾರಣ್ಯದ ಮುಖ್ಯ ವಿಭಾಗವನ್ನು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿರುತ್ತಾರೆ. ಅಕ್ಟೋಬರ್ ನಡುವಿನಿಂದ ನವೆಂಬರ್ ಮುಗಿಯುವವರೆಗೆ ದ್ವೀಪದ ಯಾವ ಮೂಲೆಯಲ್ಲೂ ಮಳೆ ಬಂದೀತು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೂ ಆಗಲೇ ಹೆಚ್ಚು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ತಂದ ಪ್ರವಾಹ ಮತ್ತು ಭೂಕುಸಿತಗಳಲ್ಲಿ ನೂರಾರು ಜನ ಪ್ರಾಣ ಕಳೆದುಕೊಂಡರು. ಈ ಆರು ವಾರಗಳನ್ನು, ಅದರಲ್ಲೂ ಬೆಟ್ಟದ ದಾರಿಗಳನ್ನು, ನಾನಂತೂ ಯಾರಿಗೂ ಹೇಳಲಾರೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗಾಲೆ, ಹಿಕ್ಕಡುವ, ಮಿರಿಸ್ಸಗಳ ಕಡಲತೀರ ಬಿಸಿಲಿನಿಂದ ಬೆಳಗುತ್ತಿರುತ್ತದೆ. ಮಿರಿಸ್ಸದಿಂದ ನೀಲಿ ತಿಮಿಂಗಿಲ ನೋಡಲು ದೋಣಿಗಳು ಹೊರಡುವುದೂ ಆಗಲೇ. ಕ್ರಿಸ್‌ಮಸ್ ಮತ್ತು ಹೊಸವರ್ಷದ ನಡುವೆ ಮಾತ್ರ ಬೆಲೆಗಳು ಏರಿರುತ್ತವೆ. 2,243 ಮೀಟರ್ ಎತ್ತರದ ಶ್ರೀಪಾದ ಬೆಟ್ಟವನ್ನು ಹತ್ತುವ ಯಾತ್ರೆ ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆಯವರೆಗೆ ನಡೆಯುತ್ತದೆ. ಮೆಟ್ಟಿಲುಗಳುದ್ದಕ್ಕೂ ದೀಪವಿರುವ ಈ ತಿಂಗಳುಗಳಲ್ಲಿ ನಡುರಾತ್ರಿ ಹತ್ತಿ ಸೂರ್ಯೋದಯ ನೋಡಬಹುದು. ರಜೆಯ ಹಂಗಿಲ್ಲದವರು ಫೆಬ್ರುವರಿ ನಡುವಿನಿಂದ ಮಾರ್ಚ್ ನಡುವಿನವರೆಗಿನ ನಾಲ್ಕು ವಾರಗಳನ್ನು ಆರಿಸಿಕೊಳ್ಳಲಿ: ನೈಋತ್ಯ ಒಣಗಿರುತ್ತದೆ, ಬೆಟ್ಟಗಳ ಮಂಜು ತಿಳಿಯಾಗಿರುತ್ತದೆ, ಪೂರ್ವದ ಮಳೆಯೂ ಹಿಂದೆಗೆಯುತ್ತಿರುತ್ತದೆ.

ಯಾವ ತಿಂಗಳು ಹೋದರೂ ಬೆಟ್ಟಕ್ಕೆ ಅದರದೇ ಹವಾಮಾನವಿದೆ. 1,868 ಮೀಟರ್ ಎತ್ತರದ ನುವರ ಎಲಿಯದ ರಾತ್ರಿಗೆ ಸ್ವೆಟರ್ ಬೇಕು. ಹಾರ್ಟನ್ ಪ್ಲೇನ್ಸ್‌ನ ‘ವರ್ಲ್ಡ್ಸ್ ಎಂಡ್’ ಪ್ರಪಾತವನ್ನು ಒಣ ತಿಂಗಳಲ್ಲೂ ಬೆಳಗಿನ ಒಂಬತ್ತು, ಹತ್ತರ ಹೊತ್ತಿಗೆ ಮೋಡ ಮುಚ್ಚುವುದರಿಂದ ಕತ್ತಲಿರುವಾಗಲೇ ಹೊರಡಬೇಕು. ವಿಮಾನದ ಟಿಕೆಟ್ ಕೊಳ್ಳುವ ಮುನ್ನ ಆ ತಿಂಗಳ ಹುಣ್ಣಿಮೆ ಯಾವ ದಿನವೆಂದು ಒಮ್ಮೆ ಪಂಚಾಂಗದಲ್ಲಿ ನೋಡಿ, ಏಕೆಂದರೆ ‘ಪೋಯ’ ಎನ್ನಲಾಗುವ ಆ ದಿನ ಅಲ್ಲಿ ಪ್ರತಿ ತಿಂಗಳೂ ಸಾರ್ವಜನಿಕ ರಜೆ, ಮದ್ಯ ಮಾರಾಟವೂ ಇರುವುದಿಲ್ಲ.